ಹೊಟ್ಟೆಯ ಗಾಯಕ್ಕೆ ಲ್ಯಾಪರೊಸ್ಕೋಪಿ: ಯಾರಿಗೆ ಸೂಕ್ತ, ಯಾರಿಗೆ ಸಲ್ಲದು?

ಶಿವಮೊಗ್ಗ: ಹೊನ್ನಾವರ-ಬೆಂಗಳೂರು ಹೆದ್ದಾರಿಯ ವಾಹನಾಪಘಾತ, ತೋಟದಲ್ಲಿ ಅಡಕೆ ಮರದಿಂದ ಬೀಳುವುದು, ಸೊರಬ-ಶಿಕಾರಿಪುರ ಸೀಮೆಯ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಕೊಂಬಿನ ತಿವಿತ ಇವೆಲ್ಲವೂ ಹೊಟ್ಟೆಯ ಒಳಗಾಯಕ್ಕೆ ಕಾರಣವಾಗಬಲ್ಲವು. ಗಾಯಾಳು ನಗರದ ರವೀಂದ್ರನಗರದವರಾಗಿರಲಿ, ಭದ್ರಾವತಿಯವರಾಗಿರಲಿ, ಬಂಧುಗಳ ಪ್ರಶ್ನೆ ಒಂದೇ: ‘ಹೊಟ್ಟೆ ಕೊಯ್ಯದೆ ಆಗುವುದಿಲ್ಲವೇ?’ ಕೆಲವರಿಗೆ ಆಗುತ್ತದೆ. ಇನ್ನು ಕೆಲವರಿಗೆ ಆ ಪ್ರಯತ್ನವೇ ಪ್ರಾಣಕ್ಕೆ ಎರವಾಗಬಹುದು.

ವಿಧಾನವೇನು?

ಹೊಕ್ಕುಳಿನ ಬಳಿ ಸುಮಾರು 10 ಮಿ.ಮೀ. ರಂಧ್ರ ಮಾಡಿ, ಇಂಗಾಲದ ಡೈ ಆಕ್ಸೈಡ್ ತುಂಬಿಸಿ ಹೊಟ್ಟೆಯನ್ನು ಉಬ್ಬಿಸಲಾಗುತ್ತದೆ. ಒಳಸೇರಿಸಿದ ಕ್ಯಾಮೆರಾ ಅಂಗಾಂಗಗಳನ್ನು ಪರದೆಯ ಮೇಲೆ ತೋರಿಸುತ್ತದೆ. ಇತರ ಸಣ್ಣ ರಂಧ್ರಗಳ ಮೂಲಕ ಉಪಕರಣಗಳು ಕೆಲಸ ಮಾಡುತ್ತವೆ. ಮನುಷ್ಯರಲ್ಲಿ ಇಂಥ ಒಳದರ್ಶನವನ್ನು ಸ್ವೀಡನ್ನಿನ ಜಾಕೋಬೇಯಸ್ 1910ರಲ್ಲಿ ವರದಿ ಮಾಡಿದರು. ಭಾರತದಲ್ಲಿ 1990ರಲ್ಲಿ ಮುಂಬೈನ ಡಾ. ತೆಹೆಮ್ಟನ್ ಉದ್ವಾಡಿಯಾ ಈ ವಿಧಾನದಿಂದ ಪಿತ್ತಕೋಶ ತೆಗೆದರು.

ಯಾರಿಗೆ ಸೂಕ್ತ?

ರಕ್ತದೊತ್ತಡ ಸ್ಥಿರವಾಗಿರುವುದು ಮೊದಲ ಷರತ್ತು. ಚೂರಿ ಇರಿತ ಹೊಟ್ಟೆಯ ಒಳಪೊರೆಯನ್ನು ದಾಟಿದೆಯೇ ಎಂಬುದನ್ನು ಕ್ಯಾಮೆರಾದಿಂದ ಖಚಿತಪಡಿಸಿಕೊಳ್ಳಬಹುದು. ದಾಟದಿದ್ದಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯೇ ತಪ್ಪುತ್ತದೆ. ಎದೆಗೂ ಹೊಟ್ಟೆಗೂ ನಡುವಿನ ವಪೆ ಹರಿದಿರುವುದು ಸಿ.ಟಿ. ಸ್ಕ್ಯಾನ್‌ನಲ್ಲಿ ಕೆಲವೊಮ್ಮೆ ಕಾಣದು. ಎಡಪಕ್ಕೆಯ ಕೆಳಭಾಗದ ಇರಿತಗಳಲ್ಲಿ ಅದನ್ನು ಪತ್ತೆಹಚ್ಚಲು ಈ ವಿಧಾನ ವಿಶೇಷ ಉಪಯುಕ್ತ. ನುರಿತವರು ಕರುಳಿನ ಸಣ್ಣ ರಂಧ್ರವನ್ನೂ ಹೊಲಿಯಬಲ್ಲರು. ನೋವು ಕಡಿಮೆ, ಚೇತರಿಕೆ ಬೇಗ. ಅಂದಹಾಗೆ, ಯಕೃತ್ತು ಅಥವಾ ಗುಲ್ಮ ಸೀಳಿದ್ದರೂ ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಅನೇಕ ವೇಳೆ ಯಾವ ಶಸ್ತ್ರಚಿಕಿತ್ಸೆಯೂ ಬೇಕಾಗುವುದಿಲ್ಲ, ಆಸ್ಪತ್ರೆಯಲ್ಲಿ ನಿಗಾ ಸಾಕು.

ಯಾರಿಗೆ ಸಲ್ಲದು?

ರಕ್ತದೊತ್ತಡ ಕುಸಿಯುತ್ತಿದ್ದು, ಅಲ್ಟ್ರಾಸೌಂಡ್‌ನಲ್ಲಿ ಹೊಟ್ಟೆಯೊಳಗೆ ರಕ್ತ ಕಂಡರೆ ತೆರೆದ ಶಸ್ತ್ರಚಿಕಿತ್ಸೆಯೇ ಮಾರ್ಗ. ತುಂಬಿಸಿದ ಅನಿಲದ ಒತ್ತಡವು ಹೃದಯಕ್ಕೆ ಮರಳುವ ರಕ್ತವನ್ನು ತಗ್ಗಿಸುತ್ತದೆ. ರಕ್ತ ಕಳೆದುಕೊಂಡವರಿಗೆ ಇದು ಮಾರಕ. ವಪೆ ಹರಿದಿದ್ದರೆ ಅನಿಲ ಎದೆಗೂಡಿಗೆ ನುಗ್ಗುವ ಅಪಾಯವಿದೆ. ಕರುಳಿನ ಮಡಿಕೆಗಳಲ್ಲಿ ಅಡಗಿದ ರಂಧ್ರ ಕಣ್ತಪ್ಪಲೂಬಹುದು. ಆದ್ದರಿಂದ ಮಧ್ಯದಲ್ಲಿ ಹೊಟ್ಟೆ ತೆರೆಯಲು ವೈದ್ಯರು ನಿರ್ಧರಿಸಿದರೆ ಅದು ವೈಫಲ್ಯವಲ್ಲ, ವಿವೇಕ.

ಬಂಧುಗಳ ಗಮನಕ್ಕೆ

* ಹೊರಗೆ ಗಾಯವಿಲ್ಲವೆಂದು ಮನೆಯಲ್ಲೇ ಉಳಿಯಬಾರದು. ಒಳಗಾಯದ ಲಕ್ಷಣಗಳು ಗಂಟೆಗಳ ನಂತರವೂ ಕಾಣಿಸಬಹುದು. ಹೊಟ್ಟೆ ಗಟ್ಟಿಯಾಗುವುದು, ಬೆವರು, ತಲೆಸುತ್ತು, ಸೀಟ್ ಬೆಲ್ಟ್‌ನ ಕಂದುಗುರುತು ಎಚ್ಚರಿಕೆಯ ಸೂಚನೆಗಳು.
* ಗಾಯಾಳುವಿಗೆ ನೀರು, ಆಹಾರ ಕೊಡಬಾರದು. ಚುಚ್ಚಿಕೊಂಡ ವಸ್ತುವನ್ನು ಕೀಳಬಾರದು.
* ರಾಜ್ಯದಲ್ಲಿ 2008ರಿಂದ ಇರುವ 108 ಆಂಬುಲೆನ್ಸ್‌ಗೆ ತಕ್ಷಣ ಕರೆ ಮಾಡಬೇಕು.
* ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂ. ಮಿತಿಯ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದೆ.

ರಂಧ್ರ ಸಣ್ಣದೋ ಕೊಯ್ತ ದೊಡ್ಡದೋ ಎಂಬುದಕ್ಕಿಂತ, ರಕ್ತಸ್ರಾವ ಎಷ್ಟು ಬೇಗ ನಿಂತಿತೆಂಬುದೇ ಜೀವವನ್ನು ನಿರ್ಧರಿಸುತ್ತದೆ.