ದಖ್ಖನ್ ಪ್ರಸ್ಥಭೂಮಿಯ ಒಣಬೇಸಾಯ: ಆರಂಭ ಮತ್ತು ಹವಾಮಾನ

ಕಾಲುವೆ, ಬಾವಿಗಳ ಆಸರೆಯಿಲ್ಲದೆ, ಬಿದ್ದ ಮಳೆಯನ್ನೇ ನಂಬಿ ಮಾಡುವ ಸಾಗುವಳಿಯೇ ಒಣಬೇಸಾಯ. ದಕ್ಷಿಣ ಭಾರತದಲ್ಲಿ ಇದರ ಅತಿ ಹಳೆಯ ಸ್ಪಷ್ಟ ಕುರುಹುಗಳು ಬಳ್ಳಾರಿ, ರಾಯಚೂರು ಹಾಗೂ ಅವುಗಳ ಸುತ್ತಲಿನ ನವಶಿಲಾಯುಗದ ನೆಲೆಗಳಲ್ಲಿ ದೊರೆತಿವೆ. ಇವುಗಳಲ್ಲಿ ಬಹುಪಾಲು ಸುಮಾರು 4,000 ವರ್ಷಗಳಷ್ಟು ಹಳೆಯವು. ಮುಂಗಾರು ಬಹುಕಾಲದಿಂದ ಸೊರಗುತ್ತ ಬಂದಿದ್ದ ಹೊತ್ತಿನಲ್ಲೇ ಇಲ್ಲಿ ಬಿತ್ತನೆ ಕಾಣಿಸಿಕೊಂಡಿದ್ದರಿಂದ, ಹವಾಮಾನಕ್ಕೂ ಬೇಸಾಯದ ಹುಟ್ಟಿಗೂ ಇರುವ ನಂಟನ್ನು ಅರಿಯಲು ಈ ಪ್ರದೇಶ ಬಹಳ ಮುಖ್ಯ.

ಈಗಿನ ಹೊಲೊಸೀನ್ ಕಾಲಘಟ್ಟ ಆರಂಭವಾದದ್ದು ಸುಮಾರು 11,700 ವರ್ಷಗಳ ಹಿಂದೆ. ಅದರ ಮೊದಲ ಸಹಸ್ರಮಾನಗಳಲ್ಲಿ, ಭೂಮಿಯ ಅಕ್ಷದ ಓಲಾಟದ ಕಾರಣ, ಉತ್ತರಾರ್ಧಗೋಳಕ್ಕೆ ಬೇಸಿಗೆಯಲ್ಲಿ ಇಂದಿಗಿಂತ ಹೆಚ್ಚು ಬಿಸಿಲು ಬೀಳುತ್ತಿತ್ತು. ಏಷ್ಯಾದ ನೆಲ ಚೆನ್ನಾಗಿ ಕಾದು ಕಡಲ ಗಾಳಿಯನ್ನು ಬಲವಾಗಿ ಸೆಳೆಯುತ್ತಿತ್ತು, ಮುಂಗಾರು ಜೋರಾಗಿತ್ತು. ಓಲಾಟದ ಗತಿ ಬದಲಾದಂತೆ ಬಿಸಿಲು ತಗ್ಗಿತು, ಮಳೆಯೂ ತಗ್ಗಿತು. ಇದಕ್ಕೆ ಒಳ್ಳೆಯ ಪುರಾವೆ ಸಿಕ್ಕಿರುವುದು ಗೋದಾವರಿಯ ಮುಖಜದ ಎದುರು ಕಡಲತಳದಿಂದ ತೆಗೆದ ಕೆಸರಿನಲ್ಲಿ. ದಖ್ಖನ್ನಿನ ಗಿಡಮರಗಳ ಎಲೆಯ ಮೇಣ ನದಿಯಲ್ಲಿ ತೇಲಿ ಬಂದು ಅಲ್ಲಿ ಪದರ ಪದರವಾಗಿ ಕೂತಿದೆ. ಮರಗಳೂ ಬಯಲುಸೀಮೆಯ ಹುಲ್ಲುಗಳೂ ಇಂಗಾಲವನ್ನು ಹೀರುವ ಬಗೆ ಬೇರೆಬೇರೆ. ಹಾಗಾಗಿ ಮೇಣದಲ್ಲಿನ ಇಂಗಾಲವನ್ನು ಅಳೆದರೆ ಯಾವ ಕಾಲದಲ್ಲಿ ಕಾಡು ಹೆಚ್ಚಿತ್ತು, ಯಾವ ಕಾಲದಲ್ಲಿ ಹುಲ್ಲು ಹೆಚ್ಚಿತ್ತು ಎಂಬುದು ತಿಳಿಯುತ್ತದೆ. 2012ರಲ್ಲಿ ಪ್ರಕಟವಾದ ಈ ಅಧ್ಯಯನದಂತೆ ಒಳನಾಡು ಎರಡು ಹಂತಗಳಲ್ಲಿ ಒಣಗಿತು: ಒಮ್ಮೆ ಸುಮಾರು 4,000 ವರ್ಷಗಳ ಹಿಂದೆ, ಮತ್ತೊಮ್ಮೆ ಸುಮಾರು 1,700 ವರ್ಷಗಳ ಹಿಂದೆ. ಮಹಾರಾಷ್ಟ್ರದ ಲೋನಾರ್ ಸರೋವರದ ಹೂಳೂ ಮೊದಲ ಹಂತದ ಬರವನ್ನು ದೃಢಪಡಿಸುತ್ತದೆ. ಸುಮಾರು 4,200 ವರ್ಷಗಳ ಹಿಂದಿನ ಒಣಹವೆಯ ಗುರುತು ಮೇಘಾಲಯದ ಮಾಮ್ಲು ಗುಹೆಯ ಸುಣ್ಣದ ಕಂಬದಲ್ಲಿ ಎಷ್ಟು ಸ್ಪಷ್ಟವಾಗಿದೆಯೆಂದರೆ, 2018ರಲ್ಲಿ ಭೂವಿಜ್ಞಾನಿಗಳು ಆಗಿನಿಂದ ಇಂದಿನವರೆಗಿನ ಅವಧಿಗೆ 'ಮೇಘಾಲಯನ್' ಎಂದೇ ಹೆಸರಿಟ್ಟರು.

ಕಾಡು ತೆಳುವಾಗಿ ಹುಲ್ಲುಗಾವಲು ಹರಡಿದ್ದು ಮೊದಲು ಅನುಕೂಲವಾದದ್ದು ದನಗಾಹಿಗಳಿಗೆ. ಕುಡತಿನಿ, ಉಟ್ನೂರು, ಬೂದಿಹಾಳ ಮುಂತಾದೆಡೆಗಳ ಬೂದಿದಿಬ್ಬಗಳು ಅವರು ಬಿಟ್ಟುಹೋದ ಗುರುತು. ಇವು ರಾಕ್ಷಸರನ್ನು ಸುಟ್ಟ ಜಾಗವೆಂದು ಜನ ಹೇಳುವುದುಂಟು. ಹಂಪಿಯ ಬಳಿಯ ನಿಂಬಾಪುರದ ದಿಬ್ಬ ವಾಲಿಯ ಚಿತಾಭಸ್ಮವೆಂಬ ಪ್ರತೀತಿಯಿದೆ. ಈ ದಿಬ್ಬಗಳಲ್ಲಿರುವುದು ದನದ ಸಗಣಿ ಸುಟ್ಟ ಬೂದಿಯೆಂದು ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲೇ ಗುರುತಿಸಿದ್ದರು. 1957ರಲ್ಲಿ ಉಟ್ನೂರಿನಲ್ಲಿ ಅಗೆದ ರೇಮಂಡ್ ಆಲ್ಚಿನ್ ಅವರಿಗೆ ಬೂದಿಯ ಪದರಗಳ ನಡುವೆ ದೊಡ್ಡಿಯ ಗೂಟಗಳ ಕುಳಿಗಳೂ ದನಗಳ ಗೊರಸಿನ ಅಚ್ಚುಗಳೂ ಸಿಕ್ಕವು. ದಿಬ್ಬಗಳಲ್ಲಿ ಹಳೆಯವು ಕ್ರಿ.ಪೂ. ಮೂರನೆಯ ಸಹಸ್ರಮಾನದವು.

ಈ ಜನ ಬೆಳೆದದ್ದೇನು? ರಾಗಿ, ಜೋಳ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಅದು ಸರಿಯಲ್ಲ. ಅವೆರಡೂ ಸಜ್ಜೆಯೂ ಆಫ್ರಿಕಾದಿಂದ ಆಮೇಲೆ ಬಂದವು. ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರು ಮುಂತಾದ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿದ ಸುಟ್ಟ ಕಾಳುಗಳನ್ನು ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಹೆಚ್ಚಾಗಿ ಸಿಕ್ಕವು ನಾಲ್ಕು: ಹುರುಳಿ, ಹೆಸರು, ಕೊರಲೆ, ಮತ್ತು ನವಣೆಯ ಕುಲಕ್ಕೆ ಸೇರಿದ, ತೆನೆಯ ಮುಳ್ಳುಗೂದಲು ಬಟ್ಟೆಗೆ ಅಂಟುವ ಒಂದು ಹುಲ್ಲು. ನಾಲ್ಕೂ ಮುಂಗಾರಿನಲ್ಲಿ ಮೊಳೆತು, ಮಳೆ ನಿಂತ ಮೇಲೆ ಉಳಿದ ತೇವದಲ್ಲೇ ಮಾಗುವ ಗಿಡಗಳು. ಇಂದು ವರ್ಷಕ್ಕೆ ಸುಮಾರು 500 ಮಿ.ಮೀ. ಮಳೆ ಬೀಳುವ ಬಳ್ಳಾರಿ ಸೀಮೆಗೆ ಇವು ಹೇಳಿಮಾಡಿಸಿದಂತಿವೆ. ವಾಯವ್ಯದಿಂದ ಬಂದ ಗೋಧಿ, ಜವೆಗೋಧಿ ಕೆಲವು ನೆಲೆಗಳಲ್ಲಿ ಸಿಕ್ಕರೂ ಚಳಿಗಾಲದ ಈ ಬೆಳೆಗಳು ಇಲ್ಲಿ ಮುಖ್ಯ ಆಹಾರವಾಗಲಿಲ್ಲ.

ಕಾಡುಹೆಸರು ಇಂದು ಹೆಚ್ಚಾಗಿ ಕಾಣುವುದು ಘಟ್ಟದ ಕಡೆಯ, ಮಳೆ ಚೆನ್ನಾಗಿರುವ ಕಾಡಂಚಿನಲ್ಲಿ. ಮುಂಗಾರು ಬಲವಾಗಿದ್ದಾಗ ಇಂಥ ಗಿಡಗಳು ಪ್ರಸ್ಥಭೂಮಿಯೊಳಗೂ ಹಬ್ಬಿದ್ದಿರಬೇಕು, ಮಳೆ ಹಿಂದೆಗೆದಾಗ ಅವೂ ಹಿಂದೆ ಸರಿದಿರಬೇಕು, ಆಯ್ದು ತಿನ್ನುತ್ತಿದ್ದವರು ಅವನ್ನು ತಾವೇ ಬಿತ್ತಿ ಉಳಿಸಿಕೊಂಡಿರಬೇಕು ಎಂಬುದು ಫುಲ್ಲರ್ ಮತ್ತು ಕೋರಿಶೆಟ್ಟರ್ ಅವರ ವಾದ. ಲಭ್ಯ ವಿವರಣೆಗಳಲ್ಲಿ ಇದೇ ಹೆಚ್ಚು ಮನವರಿಕೆಯಾಗುವಂಥದ್ದು. ಆದರೆ ಬರವೇ ಬೇಸಾಯವನ್ನು ಹುಟ್ಟಿಸಿತು ಎಂದರೆ ಅತಿಯಾಯಿತು. ಅದೇ ಬರದಲ್ಲಿ ಬೇರೆಡೆಯ ಜನ ಊರು ಬಿಟ್ಟು ವಲಸೆ ಹೋದದ್ದೂ ಉಂಟು. ಇಲ್ಲಿ ದನ ಮೊದಲೇ ಇತ್ತು, ಗಿಡಗಳ ಪರಿಚಯ ತಲೆಮಾರುಗಳಿಂದ ಇತ್ತು. ಮಳೆಯ ಅಭಾವ ಆ ತಿಳಿವಳಿಕೆಯನ್ನು ಹೊಲಕ್ಕೆ ತಂದಿತು.

ಬಿತ್ತನೆ ಗಿಡವನ್ನೂ ಬದಲಿಸಿತು. ಕಾಡುಹುರುಳಿಯ ಸಿಪ್ಪೆ ದಪ್ಪ. ಒಂದೇ ಮಳೆಗೆ ಎಲ್ಲ ಕಾಳೂ ಮೊಳೆತು, ಆಮೇಲೆ ಮಳೆ ಕೈಕೊಟ್ಟರೆ ಪೀಳಿಗೆಯೇ ನಾಶವಾದೀತು. ಹಾಗಾಗದಂತೆ ಕೆಲವು ಕಾಳು ನೀರು ಹೀರದೆ ಮಣ್ಣಿನಲ್ಲೇ ಕಾಯುತ್ತವೆ. ಬಿತ್ತುವವರಿಗೆ ಬೇಕಾದದ್ದು ಇದಕ್ಕೆ ವಿರುದ್ಧವಾದದ್ದು. ಬಿತ್ತಿದ ಕೂಡಲೇ ಮೊಳೆತ ತೆಳುಸಿಪ್ಪೆಯ ಕಾಳೇ ಕೊಯ್ಲಿಗೆ ಸಿಕ್ಕಿ, ಅದೇ ಮರುವರ್ಷದ ಬೀಜವಾಯಿತು. ಷಾರ್ಲೀನ್ ಮರ್ಫಿ ಮತ್ತು ಫುಲ್ಲರ್ ಉತ್ಖನನದ ಹುರುಳಿಕಾಳುಗಳನ್ನು ಒಡೆಯದೆ, ಪ್ರಬಲ ಕ್ಷ-ಕಿರಣದಿಂದ ಸಿಪ್ಪೆಯನ್ನು ಅಳೆದು, ಅದು ಕಾಲಕ್ರಮದಲ್ಲಿ ತೆಳುವಾದದ್ದನ್ನು 2017ರಲ್ಲಿ ತೋರಿಸಿದರು. ಮಳೆ ತಪ್ಪಿದರೆ ಕಾಯುವ ಹೊಣೆ ಕಾಳಿನಿಂದ ರೈತರ ಬೀಜದ ಗಡಿಗೆಗೆ ದಾಟಿತು.

ಎರಡನೆಯ ಒಣಗುವಿಕೆಯ ಹೊತ್ತಿಗೆ ದಖ್ಖನ್ನಿನ ಜನರ ಬಳಿ ಇನ್ನೊಂದು ಉಪಾಯವೂ ಇತ್ತು. ನಾಲ್ಕನೆಯ ಶತಮಾನದ್ದೆನ್ನಲಾದ, ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ದಾಖಲಿಸುವುದು ಒಂದು ಕೆರೆಯ ನಿರ್ಮಾಣವನ್ನು.