ಸಕಾಲಿಕ ಉತ್ಪಾದನೆ

ಸಕಾಲಿಕ ಉತ್ಪಾದನೆಯು ಬೇಕಾದ ವಸ್ತುವನ್ನು ಬೇಕಾದ ಹೊತ್ತಿಗೆ ಬೇಕಾದಷ್ಟೇ ತಯಾರಿಸುವ ಕೈಗಾರಿಕಾ ಪದ್ಧತಿ. ಕಾರ್ಖಾನೆಗಳಲ್ಲಿ ಇದನ್ನು ಜಸ್ಟ್ ಇನ್ ಟೈಮ್ ಎಂದೇ ಕರೆಯುತ್ತಾರೆ. ಮುಂದಿನ ಹಂತದವರು ಕೇಳಿದ ಮೇಲಷ್ಟೇ ಹಿಂದಿನ ಹಂತದವರು ತಯಾರಿಸುವುದು ಇದರ ತಿರುಳು. ಗೋದಾಮಿನ ಖರ್ಚು ಉಳಿಸುವ ಉಪಾಯವೆಂದು ಇದನ್ನು ಅರ್ಥೈಸುವುದುಂಟು. ದಾಸ್ತಾನು ಕಡಿಮೆಯಾದಾಗ ದೋಷಗಳು ಬೇಗ ಬಯಲಾಗುತ್ತವೆ ಎಂಬುದು ಅದಕ್ಕಿಂತ ದೊಡ್ಡ ಪ್ರಯೋಜನ.

ಹಿನ್ನೆಲೆ

ಜಪಾನಿನ ಕಿಚಿರೊ ಟೊಯೋಡ ಅವರು 1930ರ ದಶಕದಲ್ಲಿ ತಮ್ಮ ಮೋಟಾರು ಕಾರ್ಖಾನೆಗಾಗಿ ಈ ಕಲ್ಪನೆಯನ್ನು ರೂಪಿಸಿದರು. ಎರಡನೆಯ ಮಹಾಯುದ್ಧದ ನಂತರ ತಾಯಿಚಿ ಓನೊ ಅವರು ಇದನ್ನು ಬೆಳೆಸಿದರು. ಗಿರಾಕಿ ಕೊಂಡಷ್ಟನ್ನೇ ಮತ್ತೆ ತುಂಬಿಡುವ ಅಮೆರಿಕದ ಸೂಪರ್ ಮಾರ್ಕೆಟ್‌ಗಳ ಕ್ರಮ ಅವರಿಗೆ ಮಾದರಿಯಾಯಿತು. ಬಿಡಿಭಾಗ ಬೇಕೆಂದು ಹಿಂದಿನ ಹಂತಕ್ಕೆ ತಿಳಿಸುವ ಚೀಟಿಗೆ ಕಾನ್‌ಬಾನ್ ಎಂದು ಹೆಸರು. ಜಪಾನಿ ಭಾಷೆಯಲ್ಲಿ ಇದರ ಅರ್ಥ ಫಲಕ.

ಸ್ಥಳೀಯ ಉದಾಹರಣೆಗಳು

ಹೋಟೆಲುಗಳಲ್ಲಿ ಇಡ್ಲಿಯನ್ನು ಗಿರಾಕಿ ಬರುವ ಮೊದಲೇ ಬೇಯಿಸಿಡುತ್ತಾರೆ, ದೋಸೆಯನ್ನು ಕೇಳಿದ ಮೇಲೆ ಹುಯ್ಯುತ್ತಾರೆ. ದೋಸೆಯದು ಸಕಾಲಿಕ ಕ್ರಮ. ಆದರೂ ಹಿಟ್ಟನ್ನು ಹಿಂದಿನ ದಿನವೇ ರುಬ್ಬಿಟ್ಟಿರಬೇಕು. ದಾಸ್ತಾನು ಪೂರ್ತಿ ಇಲ್ಲವಾಗುವುದಿಲ್ಲ, ಅಗತ್ಯದಷ್ಟಕ್ಕೆ ಇಳಿಯುತ್ತದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಕಾರ್ಮಿಕರಲ್ಲಿ ಅನೇಕರು ಹಳ್ಳಿಯಿಂದ ಬಂದವರು. ಊರಿನ ಡೈರಿಗೆ ಬೆಳಿಗ್ಗೆ, ಸಂಜೆ ಹಾಲು ಹಾಕಿ ಬಲ್ಲವರು. ವೇಳೆ ತಪ್ಪದೆ ನಡೆಯುವ ಹಾಲಿನ ಸಂಗ್ರಹ ಸಕಾಲಿಕ ಉತ್ಪಾದನೆಯಂತೆ ಕಂಡರೂ ಹಾಗಲ್ಲ. ಹಸು ಮಾರುಕಟ್ಟೆಯ ಬೇಡಿಕೆ ನೋಡಿ ಹಾಲು ಕರೆಯುವುದಿಲ್ಲ. ಮಿಕ್ಕ ಹಾಲನ್ನು ಪುಡಿ, ಬೆಣ್ಣೆ, ತುಪ್ಪವಾಗಿಸಿ ದಾಸ್ತಾನು ಇಡಲೇಬೇಕಾಗುತ್ತದೆ.

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಕಾಲರ್ ಹೊಲಿಯುವವರು 200 ಕಾಲರ್‌ಗಳನ್ನು ರಾಶಿ ಹಾಕಿದ ಮೇಲೆ ಮುಂದಿನವರಿಗೆ ಕೊಟ್ಟರೆ, ಅಳತೆಯ ತಪ್ಪು ಅಷ್ಟರಲ್ಲೂ ಸೇರಿರುತ್ತದೆ. ಐದೈದರಂತೆ ಕೊಟ್ಟರೆ ಐದರಲ್ಲೇ ಸಿಕ್ಕಿಬೀಳುತ್ತದೆ.

ಕೆಲಸ ನಿಲ್ಲಿಸುವ ಅಧಿಕಾರ

ರಾಶಿಯ ಆಸರೆ ಇಲ್ಲದ ಕಡೆ ಒಬ್ಬರ ತೊಡಕು ಎಲ್ಲರ ತೊಡಕಾಗುತ್ತದೆ. ಆದ್ದರಿಂದ ದೋಷ ಕಂಡವರು ಸಾಲಿನ ಕೆಲಸವನ್ನೇ ನಿಲ್ಲಿಸಬಹುದು ಎಂಬುದು ಟೊಯೋಟಾ ಪದ್ಧತಿಯ ಮುಖ್ಯ ನಿಯಮ. ಇದರ ಮೂಲ, ಕಿಚಿರೊ ಅವರ ತಂದೆ ಸಕಿಚಿ ಟೊಯೋಡ ಅವರು ರೂಪಿಸಿದ, ನೂಲು ತುಂಡಾದೊಡನೆ ತಾನೇ ನಿಲ್ಲುವ ಮಗ್ಗ. ಈ ಅಧಿಕಾರವನ್ನು ಕೊಡದೆ ದಾಸ್ತಾನನ್ನು ಮಾತ್ರ ಇಳಿಸಿದರೆ ಕಾರ್ಮಿಕರಿಗೆ ಉಳಿಯುವುದು ಅವಸರ ಒಂದೇ.

ಕರ್ನಾಟಕದಲ್ಲಿ

1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯ ಬಿಡದಿ ಕಾರ್ಖಾನೆ ರಾಜ್ಯದಲ್ಲಿ ಈ ಪದ್ಧತಿಯ ಪ್ರಮುಖ ನಿದರ್ಶನ. ಬಿಡಿಭಾಗ ಪೂರೈಸುವ ಹಲವು ಘಟಕಗಳು ಅದರ ಸಮೀಪದಲ್ಲೇ ಇವೆ. 2020ರ ನವೆಂಬರ್‌ನಲ್ಲಿ ಅಲ್ಲಿ ಮುಷ್ಕರ ನಡೆದು, ಆಡಳಿತ ವರ್ಗವು ಬೀಗಮುದ್ರೆ ಘೋಷಿಸಿತು. ಕೆಲಸದ ಹೊರೆ ಹೆಚ್ಚಾಗಿದೆಯೆಂಬುದು ಕಾರ್ಮಿಕ ಸಂಘದ ಆಕ್ಷೇಪಗಳಲ್ಲಿ ಒಂದಾಗಿತ್ತು.

ಮಿತಿಗಳು

1997ರ ಫೆಬ್ರುವರಿ 1ರಂದು ಜಪಾನಿನ ಐಸಿನ್ ಸಂಸ್ಥೆಯ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದಿತು. ಬ್ರೇಕಿನ ಒಂದು ಸಣ್ಣ ಕವಾಟ ಬರುವುದು ನಿಂತುದರಿಂದ ಆ ದೇಶದ ಟೊಯೋಟಾ ಕಾರ್ಖಾನೆಗಳ ಕೆಲಸ ಕೆಲವು ದಿನ ಸ್ಥಗಿತಗೊಂಡಿತು. ಇತರ ಪೂರೈಕೆದಾರರು ತಮ್ಮ ಯಂತ್ರಗಳಲ್ಲಿ ಅದೇ ಕವಾಟವನ್ನು ತಯಾರಿಸಿಕೊಟ್ಟ ಮೇಲೆ ಉತ್ಪಾದನೆ ಮತ್ತೆ ಆರಂಭವಾಯಿತು.