ಕಾರ್ಪೊರೇಟ್ ಜೆಟ್‌ನಿಂದ ದೊಡ್ಡ ವಿಮಾನ ಕಂಪನಿಗೆ: ಪೈಲಟ್ ಮುಂದಿರುವ ದಾರಿಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ- ಈ ನಾಲ್ಕು ತಾಲ್ಲೂಕುಗಳ ಪೈಕಿ ಎಲ್ಲಿಯೂ ವಿಮಾನ ನಿಲ್ದಾಣವಿಲ್ಲ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಶಿರಾ ಬಳಿ ಆಗಲಿ ಎಂಬ ಬೇಡಿಕೆ ಆಗಾಗ ಕೇಳಿಬರುತ್ತದೆ, ಅಷ್ಟೆ. ಆದರೆ ಪಾವಗಡದ ಗಡಿಯಾಚೆ, ಆಂಧ್ರಪ್ರದೇಶದ ಪುಟ್ಟಪರ್ತಿಯಲ್ಲಿ 1990ರಿಂದಲೂ ಖಾಸಗಿ ವಿಮಾನ ನಿಲ್ದಾಣವೊಂದಿದೆ. ಅಲ್ಲಿ ಇಳಿಯುವುದು ಹೆಚ್ಚಾಗಿ ಗಣ್ಯರನ್ನೂ ಉದ್ಯಮಿಗಳನ್ನೂ ಕರೆತರುವ ಸಣ್ಣ ವಿಮಾನಗಳು. ಇಂಥ ವಿಮಾನಗಳನ್ನು ಹಾರಿಸುವವರೇ ಕಾರ್ಪೊರೇಟ್ ಪೈಲಟ್‌ಗಳು.

ಹೊರಗಿನಿಂದ ನೋಡುವವರಿಗೆ ಈ ಕೆಲಸ ವೈಭವದ್ದು. ಒಳಗಿರುವವರಲ್ಲಿ ಅನೇಕರ ಕಣ್ಣು ಮಾತ್ರ ಇಂಡಿಗೊ ಅಥವಾ ಏರ್ ಇಂಡಿಯಾದಂಥ ದೊಡ್ಡ ಕಂಪನಿಗಳ ಮೇಲಿರುತ್ತದೆ. ಅಲ್ಲಿಗೆ ಹೋಗುವುದು ಹೇಗೆ? ಅದಕ್ಕಿಂತ ಮುಖ್ಯವಾಗಿ, ಯಾವಾಗ ಹೋಗುವುದು?

ಪಾವಗಡದ ಕೃಷಿಕ ಕುಟುಂಬದ ಯುವಕನೊಬ್ಬ ವಾಣಿಜ್ಯ ಪೈಲಟ್ ಪರವಾನಗಿ ಪಡೆದಿದ್ದಾನೆ ಎಂದು ಭಾವಿಸೋಣ. ತರಬೇತಿಗೆ ಇಂದು ಅರ್ಧ ಕೋಟಿ ರೂಪಾಯಿಯ ಆಸುಪಾಸು ಬೇಕಾಗುತ್ತದೆ. ಪಾವಗಡದ ಸೌರ ವಿದ್ಯುತ್ ಪಾರ್ಕ್‌ಗೆ ಜಮೀನು ನೀಡಿದವರಿಗೆ ಆರಂಭದಲ್ಲಿ ನಿಗದಿಯಾಗಿದ್ದ ಗುತ್ತಿಗೆ ಹಣ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಐದು ಎಕರೆ ಕೊಟ್ಟ ಕುಟುಂಬಕ್ಕೆ ಆ ದರದಲ್ಲಿ ಬರುವುದು ವರ್ಷಕ್ಕೆ ಒಂದು ಲಕ್ಷದ ಐದು ಸಾವಿರ. ಐವತ್ತು ಲಕ್ಷ ಸಾಲಕ್ಕೆ ಶೇ 10ರ ಬಡ್ಡಿಯೇ ಐದು ಲಕ್ಷ. ಹೀಗಾಗಿ ಮೊದಲು ಸಿಕ್ಕ ಕೆಲಸಕ್ಕೆ ಸೇರುವುದು ಆಯ್ಕೆಯಲ್ಲ, ಅನಿವಾರ್ಯ. ಆ ಮೊದಲ ಕೆಲಸ ಎಷ್ಟೋ ಬಾರಿ ಬಾಡಿಗೆ ವಿಮಾನ ಸಂಸ್ಥೆಯದ್ದಾಗಿರುತ್ತದೆ.

ಗಂಟೆಗಳ ಲೆಕ್ಕ

ಪೈಲಟ್‌ನ ನಿಜವಾದ ಆಸ್ತಿ ಆತನ ಹಾರಾಟದ ಗಂಟೆಗಳು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಂತೆ ವಾಣಿಜ್ಯ ಪರವಾನಗಿಗೆ ಕನಿಷ್ಠ 200 ಗಂಟೆ ಹಾರಾಟ ಬೇಕು. ದೊಡ್ಡ ವಿಮಾನದ ಕಮಾಂಡರ್ ಆಗಲು ಬೇಕಾದ ಎಟಿಪಿಎಲ್ ಪರವಾನಗಿಗೆ 1500 ಗಂಟೆ. ಇದರಲ್ಲಿ ರಾತ್ರಿ ಹಾರಾಟ, ಉಪಕರಣಗಳನ್ನೇ ನೆಚ್ಚಿದ ಹಾರಾಟ ಹಾಗೂ ದೂರ ಪ್ರಯಾಣದ ಪಾಲು ಇಷ್ಟಿಷ್ಟು ಇರಬೇಕೆಂಬ ಷರತ್ತೂ ಇದೆ.

ಕಾರ್ಪೊರೇಟ್ ಪೈಲಟ್ ಹಿಂದೆ ಬೀಳುವುದು ಇಲ್ಲಿಯೇ. ಮಾಲೀಕರು ಹೊರಟಾಗ ವಿಮಾನ ಹೊರಡುತ್ತದೆ. ಉಳಿದ ದಿನ ಹ್ಯಾಂಗರ್‌ನಲ್ಲಿ ನಿಂತಿರುತ್ತದೆ. ವರ್ಷಕ್ಕೆ 300 ಗಂಟೆ ಹಾರಿದರೂ 200ರಿಂದ 1500ಕ್ಕೆ ತಲುಪಲು ನಾಲ್ಕು ವರ್ಷ ಮೀರುತ್ತದೆ. ವಿಮಾನ ಕಂಪನಿಯ ಪೈಲಟ್‌ಗೆ ವರ್ಷಕ್ಕೆ 1000 ಗಂಟೆಯ ಮಿತಿಯಿದೆ. ಅದರ ಮುಕ್ಕಾಲು ಭಾಗ ಹಾರಿದರೂ ಅದೇ ಅಂತರ ಎರಡು ವರ್ಷದೊಳಗೆ ಕ್ರಮಿಸಿಬಿಡುತ್ತದೆ.

ಗಂಟೆಗಳೆಲ್ಲ ಸಮಾನವೂ ಅಲ್ಲ. ವಿಮಾನಗಳನ್ನು ಸಣ್ಣವು, ದೊಡ್ಡವು ಎಂದು ವಿಂಗಡಿಸುವ ಗೆರೆ 5,700 ಕಿಲೊ ತೂಕ. ದೇಶದ ಬಾಡಿಗೆ ವಿಮಾನಗಳಲ್ಲಿ ಬಹಳ ಪರಿಚಿತವಾದ ಕಿಂಗ್ ಏರ್ ಬಿ-200 ವಿಮಾನದ ಗರಿಷ್ಠ ತೂಕ 5,670 ಕಿಲೊ. ಮೂವತ್ತು ಕಿಲೊ ಕಡಿಮೆ! ವರ್ಷಗಟ್ಟಲೆ ಅದನ್ನು ಹಾರಿಸಿದವನ ಅನುಭವ ಗೆರೆಯ ಈಚೆಗೇ ಉಳಿಯುತ್ತದೆ. ಹಾಕರ್ 800 ಜೆಟ್‌ನ ತೂಕ ಇದರ ಎರಡು ಪಟ್ಟಿಗೂ ಹೆಚ್ಚು. ಅದರ ಗಂಟೆಗಳಿಗೆ ಸಂದರ್ಶನದಲ್ಲಿ ಬೇರೆಯೇ ಬೆಲೆ. ಆದ್ದರಿಂದ ಕಾರ್ಪೊರೇಟ್ ಕೆಲಸ ಒಪ್ಪಿಕೊಳ್ಳುವಾಗ ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು ವಿಮಾನ ಯಾವುದು ಎಂಬುದನ್ನು.

ಮಾಲೀಕರ ಭವಿಷ್ಯವೇ ಪೈಲಟ್‌ನ ಭವಿಷ್ಯ ಎಂಬುದು ಇನ್ನೊಂದು ತೊಡಕು. ವಿಜಯ್ ಮಲ್ಯ ಬಳಸುತ್ತಿದ್ದ ಏರ್‌ಬಸ್ ಎ-319 ಜೆಟ್ ಅನ್ನು ಸೇವಾ ತೆರಿಗೆ ಇಲಾಖೆ ವಶಪಡಿಸಿಕೊಂಡು, ಹಲವು ವಿಫಲ ಹರಾಜುಗಳ ಬಳಿಕ 2018ರಲ್ಲಿ ಮಾರಿತು. ಒಂದೇ ವಿಮಾನವಿರುವ ಕಡೆ ಅದು ನೆಲಕ್ಕಿಳಿದರೆ ಪೈಲಟ್‌ಗೆ ಬೇರೆ ವಿಮಾನವಿಲ್ಲ. ಹಾಗೆಂದು ದೊಡ್ಡ ಕಂಪನಿ ಎಂದರೆ ಭದ್ರ ಎನ್ನುವಂತೆಯೂ ಇಲ್ಲ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು.

ಮೂರು ದಾರಿ

ಮೊದಲನೆಯದು, ಇರುವಲ್ಲಿಯೇ ಕಮಾಂಡರ್ ಆಗುವವರೆಗೆ ಕಾಯುವುದು. ಹೆಚ್ಚಿನವರು ಮಾಡುವುದು ಇದನ್ನೇ. ಆದರೆ ವಿಮಾನ ಕಂಪನಿಗಳಲ್ಲಿ ಹಿರಿತನವನ್ನು ಸಾಮಾನ್ಯವಾಗಿ ಸೇರಿದ ದಿನದಿಂದ ಎಣಿಸಲಾಗುತ್ತದೆ. ಹಾಕರ್ ಜೆಟ್‌ನ ಕ್ಯಾಪ್ಟನ್ ಏರ್‌ಬಸ್‌ಗೆ ಬಂದರೆ, ಆ ಮಾದರಿಯಲ್ಲಿ ಅನುಭವವಿಲ್ಲದ ಕಾರಣ ಬಹುತೇಕ ಸಹಪೈಲಟ್ ಆಗಿಯೇ ಶುರು ಮಾಡಬೇಕು. ಮೂವತ್ತರಲ್ಲಿ ಇದು ನುಂಗಬಹುದಾದ ಮಾತು. ನಲವತ್ತೈದರಲ್ಲಿ, ಮನೆ ಸಾಲ, ಮಕ್ಕಳ ಶಾಲೆಯ ನಡುವೆ, ಅಷ್ಟು ಸುಲಭವಲ್ಲ.

ಎರಡನೆಯದು, ಸ್ವಂತ ಹಣದಲ್ಲಿ ಎ-320 ಅಥವಾ ಬೋಯಿಂಗ್ 737 ವಿಮಾನದ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನು ಹಾರಿಸುವ ಅರ್ಹತೆ, ಪಡೆದು ಅರ್ಜಿ ಹಾಕುವುದು. ಇದಕ್ಕೆ ಮತ್ತೆ ಲಕ್ಷಾಂತರ ರೂಪಾಯಿ. ಹಾರಾಟವಿಲ್ಲದೆ ಕುಳಿತರೆ ಅರ್ಹತೆಯ ಮಾನ್ಯತೆ ಉಳಿಸಿಕೊಳ್ಳಲೂ ಖರ್ಚು. ಕೆಲಸದ ಪತ್ರ ಕೈಗೆ ಬರುವ ಮುನ್ನ ಈ ಹಣ ಸುರಿಯುವುದು, ಅದರಲ್ಲೂ ಜಮೀನು ಅಡವಿಟ್ಟು ಸುರಿಯುವುದು, ವಿವೇಕವಲ್ಲ.

ಮೂರನೆಯದು ಪ್ರಾದೇಶಿಕ ವಿಮಾನಗಳ ದಾರಿ. ಹೆಚ್ಚು ಗಮನಕ್ಕೆ ಅರ್ಹವಾದುದು ಇದೇ. 2019ರ ಜನವರಿಯಲ್ಲಿ ಬೆಂಗಳೂರು-ಹುಬ್ಬಳ್ಳಿ ನಡುವೆ ಹಾರಾಟ ಆರಂಭಿಸಿದ ಸ್ಟಾರ್ ಏರ್, ಬೆಳಗಾವಿ, ಕಲಬುರಗಿಯಂಥ ಊರುಗಳನ್ನು ಎಂಬ್ರಾಯರ್ ಜೆಟ್‌ಗಳಿಂದ ಬೆಸೆಯಿತು. ಅದು ಆರಂಭದಲ್ಲಿ ಬಳಸಿದ ಎಂಬ್ರಾಯರ್ 145 ಮತ್ತು ಉದ್ಯಮಿಗಳು ಬಳಸುವ ಲೆಗಸಿ 600 ಜೆಟ್ ಒಂದೇ ಕುಟುಂಬಕ್ಕೆ ಸೇರಿದವು. ಲೆಗಸಿ ಹಾರಿಸಿದವನಿಗೆ ಅಲ್ಲಿ ಹೊಸದಾಗಿ ಕಲಿಯುವುದು ಕಡಿಮೆ. ಇಂಡಿಗೊ 2017ರ ಕೊನೆಯಿಂದ ಎಟಿಆರ್-72 ವಿಮಾನಗಳನ್ನೂ ಹಾರಿಸುತ್ತಿದೆ. ಎಟಿಆರ್‌ಗೆ ಸೇರಿದವನಿಗೆ ಮುಂದೆ ಕಂಪನಿ ಬದಲಿಸದೆಯೇ ಏರ್‌ಬಸ್‌ಗೆ ದಾಟುವ ಸಾಧ್ಯತೆ ಇರುತ್ತದೆ.

ಕಂಪನಿ ಬದಲಿಸದಿರುವುದು ಏಕೆ ಮುಖ್ಯ? ಡಿಜಿಸಿಎ 2017ರಲ್ಲಿ ತಂದ ನಿಯಮದಂತೆ ನಿಗದಿತ ಸೇವೆಯ ವಿಮಾನ ಕಂಪನಿಯನ್ನು ಬಿಡುವ ಕಮಾಂಡರ್ ಒಂದು ವರ್ಷ, ಸಹಪೈಲಟ್ ಆರು ತಿಂಗಳು ಮುಂಚಿತವಾಗಿ ನೋಟಿಸ್ ಕೊಡಬೇಕು. 2023ರಲ್ಲಿ 43 ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಹೊರಟರೆಂದು ಆಕಾಶ ಏರ್ ನ್ಯಾಯಾಲಯದ ಮೆಟ್ಟಿಲೇರಿತ್ತು. ಅಂದರೆ ಪ್ರಾದೇಶಿಕ ಕಂಪನಿಯಲ್ಲಿ ಕಮಾಂಡರ್ ಹುದ್ದೆಗೆ ಬಡ್ತಿ ಪಡೆದ ದಿನವೇ ಹೊರಹೋಗುವ ಬಾಗಿಲು ಆರು ತಿಂಗಳು ದೂರ ಸರಿಯುತ್ತದೆ. ಬಡ್ತಿಗೆ ಮುನ್ನವೇ ಹೋಗುವುದೋ, ಕಮಾಂಡರ್ ಗಂಟೆಗಳನ್ನು ಗಳಿಸಿ ಹೋಗುವುದೋ ಎಂಬುದನ್ನು ಆಗಲೇ ನಿರ್ಧರಿಸಿಕೊಂಡಿರಬೇಕು. ಕಾರ್ಪೊರೇಟ್ ಸಂಸ್ಥೆಗಳಲ್ಲಿಯಾದರೆ ತರಬೇತಿ ವೆಚ್ಚದ ಬಾಂಡ್ ಇದೆಯೇ, ಎಷ್ಟು ವರ್ಷದ್ದು ಎಂದು ಕರಾರುಪತ್ರವನ್ನು ಓದಿ ತಿಳಿಯಬೇಕು.

ಬೇಡಿಕೆ ಯಾರಿಗೆ?

ಏರ್ ಇಂಡಿಯಾ 2023ರ ಫೆಬ್ರುವರಿಯಲ್ಲಿ 470, ಇಂಡಿಗೊ ಅದೇ ಜೂನ್‌ನಲ್ಲಿ 500 ವಿಮಾನಗಳ ಖರೀದಿ ಪ್ರಕಟಿಸಿದವು. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿ ಕುರಿತ ಹೊಸ ನಿಯಮಗಳಿಗೆ ತಕ್ಕ ಸಿಬ್ಬಂದಿಯಿಲ್ಲದೆ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದವು. ಇದನ್ನೆಲ್ಲ ಕೇಳಿ ಪೈಲಟ್ ಆದವರಿಗೆಲ್ಲ ಕೆಲಸ ಕಾದಿದೆ ಎಂದುಕೊಳ್ಳುವುದುಂಟು. ಕೊರತೆ ಕಾಡುವುದು ಮುಖ್ಯವಾಗಿ ಅನುಭವಿ ಕಮಾಂಡರ್‌ಗಳದ್ದು. 200 ಗಂಟೆಯ ಪರವಾನಗಿ ಹಿಡಿದವರ ಸಾಲು ಉದ್ದವಾಗಿಯೇ ಇದೆ. ಎರಡರ ನಡುವೆ ನಿಂತಿರುವ ಕಾರ್ಪೊರೇಟ್ ಪೈಲಟ್‌ಗೆ ಇದು ಅನುಕೂಲವೇ. ಒಂದೆರಡು ಸಾವಿರ ಗಂಟೆ ಹಾರಿದ ಸಹಪೈಲಟ್ ಬೇಗ ಕಮಾಂಡರ್ ಆಗಬಲ್ಲ ಎಂಬುದು ಕಂಪನಿಗಳಿಗೆ ಗೊತ್ತು.

ಬಾಡಿಗೆ ಹಾರಾಟದಿಂದ ದೊಡ್ಡ ವಿಮಾನಕ್ಕೆ ಜಿಗಿದ ಸಂಸ್ಥೆಯೊಂದು ಬೆಂಗಳೂರಿನಲ್ಲಿಯೇ ಇತ್ತು. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 1997ರಲ್ಲಿ ಹೆಲಿಕಾಪ್ಟರ್ ಬಾಡಿಗೆ ಸೇವೆಯಾಗಿ ಆರಂಭಿಸಿದ ಡೆಕ್ಕನ್ ಏವಿಯೇಷನ್, 2003ರಲ್ಲಿ ಏರ್ ಡೆಕ್ಕನ್ ಮೂಲಕ ಎಟಿಆರ್ ವಿಮಾನಗಳನ್ನು, ಬಳಿಕ ಏರ್‌ಬಸ್‌ಗಳನ್ನು ಹಾರಿಸಿತು. (ಅವರ 'ಕ್ಯಾಪ್ಟನ್' ಸೇನೆಯ ಪದವಿ, ಪೈಲಟ್‌ನದ್ದಲ್ಲ.) ಆ ಸಂಸ್ಥೆಯೂ ಸಣ್ಣ ವಿಮಾನದಿಂದಲೇ ದೊಡ್ಡದಕ್ಕೆ ಹೋಯಿತು.

ವಯಸ್ಸಿನ ಲೆಕ್ಕವೂ ಇದೆ. ವಾಣಿಜ್ಯ ಹಾರಾಟಕ್ಕೆ ಗರಿಷ್ಠ ಮಿತಿ 65 ವರ್ಷ. ಅರವತ್ತು ದಾಟಿದವರ ಜೊತೆ ಅರವತ್ತಕ್ಕಿಂತ ಕಿರಿಯ ಪೈಲಟ್ ಇರಬೇಕು. ಅರ್ಜಿ ಹಾಕುವ ಮುನ್ನ ಕೈಬರಹದ ಲಾಗ್‌ಬುಕ್ ಮತ್ತು ಡಿಜಿಸಿಎಯ ಇಜಿಸಿಎ ತಾಣದಲ್ಲಿರುವ ಗಂಟೆಗಳು ತಾಳೆಯಾಗುತ್ತವೆಯೇ ಎಂದು ನೋಡಿಕೊಳ್ಳಬೇಕು. ಮಾಲೀಕರು ಬದಲಾದ, ವಿಮಾನ ಮಾರಾಟವಾದ ಸಂಸ್ಥೆಗಳಲ್ಲಿ ಹಳೆಯ ಹಾರಾಟಗಳಿಗೆ ಸಹಿ ಹಾಕುವವರನ್ನು ಹುಡುಕುವುದೇ ತಿಂಗಳುಗಟ್ಟಲೆಯ ಕೆಲಸ. ಸಹಿಗಳನ್ನು ಆಯಾ ತಿಂಗಳೇ ಮಾಡಿಸಿಟ್ಟುಕೊಳ್ಳುವುದು ಒಳಿತು.